ಹಳ್ಳಿಯ ಕರೆಂಟಿಗೆ ಪುರಸಭೆಯ ಟೆಂಡರು

ದಕ್ಷಿಣ ಆಫ್ರಿಕಾದಲ್ಲಿ ಹಳ್ಳಿಮನೆಗಳಿಗೆ ಕರೆಂಟು ಎಳೆಯುವ ಹೊಣೆ ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್‌ನದು ಮಾತ್ರವಲ್ಲ, ಪುರಸಭೆಗಳದ್ದೂ ಹೌದು. ಕರ್ನಾಟಕದಲ್ಲಿ ಬೆಸ್ಕಾಂ, ಹೆಸ್ಕಾಂಗಳು ಮಾಡುವ ಕೆಲಸ ಅಲ್ಲಿ ಪುರಸಭೆಗೆ ಬಂದದ್ದಕ್ಕೆ ಕಾರಣವಿದೆ. 2000ದಲ್ಲಿ ಗಡಿಗಳನ್ನು ಹೊಸದಾಗಿ ಗುರುತಿಸಿದಾಗ ದೇಶದ ಹಳ್ಳಿಗಾಡೆಲ್ಲ ಒಂದಲ್ಲ ಒಂದು ಪುರಸಭೆಯ ವ್ಯಾಪ್ತಿಗೆ ಸೇರಿತು. ಹಣ ಮಾತ್ರ ಕೇಂದ್ರ ಸರ್ಕಾರದ ಸಮಗ್ರ ರಾಷ್ಟ್ರೀಯ ವಿದ್ಯುದೀಕರಣ ಕಾರ್ಯಕ್ರಮದ್ದು.

ಲೈನ್ ಎಳೆಯುವವರು ಖಾಸಗಿ ಗುತ್ತಿಗೆದಾರರು. ಅವರು ನಿರ್ಮಾಣ ಉದ್ಯಮ ಅಭಿವೃದ್ಧಿ ಮಂಡಳಿಯಲ್ಲಿ ನೋಂದಾಯಿಸಿರಬೇಕು; 1ರಿಂದ 9ರವರೆಗಿನ ದರ್ಜೆಯಲ್ಲಿ ಯಾರು ಎಷ್ಟು ದೊಡ್ಡ ಕೆಲಸ ಹಿಡಿಯಬಹುದೆಂಬುದು ಅಲ್ಲೇ ತೀರ್ಮಾನವಾಗಿರುತ್ತದೆ. ಟೆಂಡರಿನ ಷರತ್ತು ಬರೆಯುವುದು, ಬಂದ ಬಿಡ್‌ಗಳನ್ನು ತೂಗಿ ನೋಡುವುದು, ಅಂತಿಮ ತೀರ್ಮಾನ ಇವಕ್ಕೆ ಮೂರು ಬೇರೆ ಸಮಿತಿಗಳಿವೆ. 2003ರ ಪುರಸಭಾ ಹಣಕಾಸು ಕಾಯ್ದೆಯ ಪ್ರಕಾರ ಚುನಾಯಿತ ಸದಸ್ಯರು ಈ ಸಮಿತಿಗಳಲ್ಲಿ ಇರುವಂತಿಲ್ಲ, ವೀಕ್ಷಕರಾಗಿ ಕೂರುವಂತೆಯೂ ಇಲ್ಲ. ಕಾಗದದ ಮೇಲೆ ಇದಕ್ಕಿಂತ ಬಿಗಿಯಾದ ಬೇಲಿ ಹಾಕುವುದು ಕಷ್ಟ. ಆದರೂ ಟೆಂಡರು ಅಕ್ರಮದ ಸುದ್ದಿ ಅಲ್ಲಿಯ ಪತ್ರಿಕೆಗಳಿಗೆ ಅಪರೂಪವಲ್ಲ.

ಗುತ್ತಿಗೆ ಸಿಕ್ಕ ಮೇಲಿನ ಕೆಲಸ ಎಲ್ಲ ಕಡೆಯಂತೆಯೇ: ಮರದ ಕಂಬ, ಕಂಬದ ಮೇಲೊಂದು ಟ್ರಾನ್ಸ್‌ಫಾರ್ಮರ್, ಮನೆಮನೆಗೆ ಸರ್ವಿಸ್ ವೈರು. ಹೊಸತನವಿರುವುದು ಮನೆಯೊಳಗೆ. ಮಣ್ಣುಗೋಡೆಯ ದುಂಡನೆಯ ಗುಡಿಸಲಿಗೆ ವೈರಿಂಗ್ ಮಾಡಿಸಲು ಯಜಮಾನಿಯ ಕೈಯಲ್ಲಿ ಹಣವಿರುವುದಿಲ್ಲ. ಹಾಗಾಗಿ ಗುತ್ತಿಗೆದಾರನೇ ಗೋಡೆಗೆ 'ರೆಡಿ ಬೋರ್ಡ್' ಜಡಿದು ಹೋಗುತ್ತಾನೆ. ಬ್ರೇಕರು, ನೆಲಸೋರಿಕೆ ರಕ್ಷಣೆ, ಪ್ಲಗ್ ಸಾಕೆಟ್, ಒಂದು ದೀಪ ಎಲ್ಲವೂ ಅದೊಂದೇ ಪೆಟ್ಟಿಗೆಯಲ್ಲಿ. ಮೀಟರು ಪ್ರೀಪೇಯ್ಡ್, ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ 20 ಅಂಕಿಯ ಸಂಖ್ಯೆಯನ್ನು ಒತ್ತಿದರೆ ಕರೆಂಟು. ಬಡ ಕುಟುಂಬಗಳಿಗೆ ತಿಂಗಳಿಗೆ ಸಾಮಾನ್ಯವಾಗಿ 50 ಯೂನಿಟ್ ಉಚಿತ.

ತೊಡಕು ಬರುವುದು ತಂತಿಯಿಂದಲ್ಲ, ಕ್ಯಾಲೆಂಡರಿನಿಂದ. ಪುರಸಭೆಯ ಆರ್ಥಿಕ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಖರ್ಚಾಗದ ಅನುದಾನವನ್ನು, ಮುಂದುವರಿಸಲು ಒಪ್ಪಿಗೆ ಸಿಗದಿದ್ದರೆ, ಖಜಾನೆಗೆ ಮರಳಿಸಬೇಕು. ಟೆಂಡರು ತಡವಾದರೆ ಕಂಬ ನೆಡಲು ಉಳಿಯುವುದು ಕೆಲವೇ ತಿಂಗಳು. ಇದರ ಜೊತೆಗೆ ಕೆಲವೆಡೆ ಸ್ಥಳೀಯ 'ಬಿಸಿನೆಸ್ ಫೋರಂ'ಗಳ ಕಾಟ. ದೊಡ್ಡ ಗುತ್ತಿಗೆಗಳಲ್ಲಿ ಶೇ. 30ರಷ್ಟನ್ನು ಸಣ್ಣ ಉದ್ದಿಮೆಗಳಿಗೆ ಉಪಗುತ್ತಿಗೆ ಕೊಡಲು 2017ರ ನಿಯಮಗಳು ಅವಕಾಶ ಮಾಡಿದ್ದವು. ಅದನ್ನೇ ತಮ್ಮ ಹಕ್ಕೆಂದು ಹೇಳಿಕೊಂಡು ಕೆಲಸ ನಿಲ್ಲಿಸಿದ ಗುಂಪುಗಳೂ ಇವೆ.

ಲೈನ್ ಮುಗಿದರೂ ದೀಪ ಹೊತ್ತಿತೆನ್ನಲಾಗದು. ಬಹಳಷ್ಟು ಹಳ್ಳಿಗಳಲ್ಲಿ ವಿದ್ಯುತ್ ಮಾರುವ ಪರವಾನಗಿ ಇರುವುದು ಎಸ್ಕಾಮ್‌ಗೆ. ಅದರ ಎಂಜಿನಿಯರುಗಳು ಪರೀಕ್ಷಿಸಿ, ಮುಖ್ಯ ಲೈನಿಗೆ ಜೋಡಿಸಿ, ಪುರಸಭೆ ಕಟ್ಟಿಸಿದ ಜಾಲವನ್ನು ತಮ್ಮ ವಶಕ್ಕೆ ಪಡೆಯಬೇಕು. ಸಬ್‌ಸ್ಟೇಷನ್ನಿನಲ್ಲಿ ಸಾಮರ್ಥ್ಯ ಸಾಲದಿದ್ದರೆ ಕಂಬ, ತಂತಿ, ಮೀಟರು ಎಲ್ಲ ಇದ್ದೂ ಮನೆಗಳು ಕಾಯುತ್ತವೆ. ಗುತ್ತಿಗೆದಾರನ ಬಿಲ್ಲಿನಲ್ಲಿ ತಡೆಹಿಡಿದ ಕೊನೆಯ ಪಾಲು ಕೈಸೇರುವುದು ದೋಷ ಸರಿಪಡಿಸುವ ಅವಧಿ ಕಳೆದ ಮೇಲೆ.