ಹಾರ್ನ್ ಸತ್ತಿಲ್ಲ, ಅರ್ತ್ ಹೋಗಿದೆ

ಆಷಾಢದ ಜಡಿಮಳೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯೋಣವೆಂದು ಕಾರು ಹತ್ತಿದರೆ ಹಾರ್ನ್ ಮಾತೇ ಆಡಲಿಲ್ಲ. ಮಂಜಿನಲ್ಲಿ ಹತ್ತು ಮಾರು ಮುಂದಿನ ರಸ್ತೆ ಕಾಣುತ್ತಿಲ್ಲ. ಹಿಮ್ಮುರಿ ತಿರುವುಗಳನ್ನು ನೆನೆಸಿಕೊಂಡು ಅಲ್ಲಿಂದಲೇ ವಾಪಸಾದೆ. ಗ್ಯಾರೇಜೊಂದರಲ್ಲಿ ಬಾನೆಟ್ ಎತ್ತುವ ಮೊದಲೇ ತೀರ್ಪು ಬಂತು: “ಹಾರ್ನ್ ಸತ್ತಿದೆ ಸಾರ್, ಜೋಡಿ ಹೊಸದೇ ಹಾಕ್ಬೇಕು.” ಹಾಕಿಸಿದೆ. ಎಂಟು ದಿನಕ್ಕೆ ಹೊಸದೂ ಮೂಕವಾಯಿತು. ಕೊನೆಗೆ ಕಳಸದ ಕಡೆಯ ಎಸ್ಟೇಟೊಂದರ ಜೀಪ್ ಡ್ರೈವರ್ ಹಾರ್ನಿನ ಬೋಲ್ಟ್ ಬಿಚ್ಚಿ, ತುಕ್ಕನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಮತ್ತೆ ಬಿಗಿದರು. ಕೂಗಿತು. ಡಿಕ್ಕಿಯಲ್ಲಿ ಬಿದ್ದಿದ್ದ ಹಳೆಯ ಜೋಡಿಗೂ ವೈರ್ ಕೊಟ್ಟು ನೋಡಿದೆವು. ಅದೂ ಕೂಗಿತು!

ಮೂಡಿಗೆರೆ, ಕಳಸದ ಕಡೆ ನಾನು ಅತಿ ಹೆಚ್ಚು ಕೇಳಿದ ತಪ್ಪು ಕಲ್ಪನೆ ಇದೇ: ಸದ್ದಿಲ್ಲವೆಂದರೆ ಹಾರ್ನ್ ಕೆಟ್ಟಿದೆ. ಹಾರ್ನಿನ ಒಳಗಿರುವುದು ಒಂದು ತಂತಿಸುರುಳಿ, ಒಂದು ತೆಳು ಉಕ್ಕಿನ ತಟ್ಟೆ, ಒಂದು ಜೋಡಿ ಪಾಯಿಂಟ್, ಇಷ್ಟೇ. ಸುರುಳಿ ತಟ್ಟೆಯನ್ನು ಎಳೆದಾಗ ಪಾಯಿಂಟ್ ಬಿಡುತ್ತದೆ, ಕರೆಂಟ್ ಕಡಿದು ತಟ್ಟೆ ಹಿಂದಕ್ಕೆ ಚಿಮ್ಮುತ್ತದೆ, ಪಾಯಿಂಟ್ ಮತ್ತೆ ಕೂಡುತ್ತದೆ. ಸೆಕೆಂಡಿಗೆ ಸುಮಾರು 400 ಸಲ ನಡೆಯುವ ಈ ಎಳೆದಾಟವೇ ನಮಗೆ ಕೇಳುವ ಸದ್ದು. ಬಹಳ ಕಾರುಗಳಲ್ಲಿ ದಪ್ಪ ದನಿಯದೊಂದು, ಸಣ್ಣ ದನಿಯದೊಂದು ಹೀಗೆ ಎರಡು ಹಾರ್ನ್ ಇರುತ್ತವೆ. ಒಂದು ಕೆಟ್ಟರೆ ದನಿ ಬಡವಾಗುತ್ತದೆ, ಅಷ್ಟೇ. ಎರಡೂ ಒಂದೇ ದಿನ ಸಾಯುವುದು ಅಪರೂಪ. ಎರಡಕ್ಕೂ ಸೇರಿದ ದಾರಿಯಲ್ಲೇ ಎಲ್ಲೋ ತಡೆಯಾಗಿದೆ ಎಂದು ಮೊದಲು ಅನುಮಾನಿಸಬೇಕು.

ಆ ದಾರಿಯಲ್ಲಿ ಮಲೆನಾಡಿನ ಮಳೆ ಮೊದಲು ತಿನ್ನುವುದು ಅರ್ತನ್ನು. ಒಂದೇ ವೈರಿನ ಹಾರ್ನಿನಲ್ಲಿ ಕರೆಂಟ್ ಬ್ಯಾಟರಿಗೆ ಹಿಂತಿರುಗುವುದು ಅದನ್ನು ಹಿಡಿದ ಪಟ್ಟಿ ಮತ್ತು ಬೋಲ್ಟಿನ ಮೂಲಕ, ಕಾರಿನ ಮೈಯಿಂದ. ಆ ಬೋಲ್ಟ್ ಇರುವುದು ಗ್ರಿಲ್ಲಿನ ಹಿಂದೆ, ನೀರು ಕೆಸರು ನೇರ ಬಡಿಯುವ ಜಾಗದಲ್ಲಿ. ಅಲ್ಲಿ ತುಕ್ಕು ಕೂತರೆ ಕರೆಂಟ್ ದಾಟುವುದಿಲ್ಲ. ಎರಡು ವೈರಿನ ಹಾರ್ನಾದರೆ ಕನೆಕ್ಟರ್ ಕಳಚಿ ನೋಡಿ. ಹಸಿರು ಕಿಲುಬು ಕಟ್ಟಿರಬಹುದು. ಒಂದೇ ವೈರಿನದಕ್ಕೆ ಪರೀಕ್ಷೆ ಸುಲಭ: ಹಾರ್ನಿನ ಮೈಗೆ ಒಂದು ವೈರ್ ತಾಗಿಸಿ, ಇನ್ನೊಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಹಿಡಿದು, ಒಳಗಿದ್ದವರಿಗೆ ಒತ್ತಲು ಹೇಳಿ. ಕೂಗಿದರೆ ತಪ್ಪು ಅರ್ತಿನದು.

“ಬ್ಯಾಟರಿ ವೀಕ್” ಎನ್ನುವವರೂ ಇದ್ದಾರೆ. ಒಂದು ಹಾರ್ನಿಗೆ ಬೇಕಾದ್ದು ಕೆಲವೇ ಆಂಪಿಯರ್. ಸ್ಟಾರ್ಟರ್ ಮೋಟಾರು ಎಳೆಯುವುದು ನೂರಕ್ಕೂ ಹೆಚ್ಚು. ಇಂಜಿನ್ ಸಲೀಸಾಗಿ ಸ್ಟಾರ್ಟ್ ಆದರೆ ಬ್ಯಾಟರಿಯನ್ನು ದೂರಬೇಡಿ.

ಫ್ಯೂಸಿನ ವಿಷಯದಲ್ಲಿ ಮಾತ್ರ ನಮ್ಮವರ ಜಾಣತನಕ್ಕೆ ಹೆದರಬೇಕು. 15 ಆಂಪಿಯರಿನದು ಸುಟ್ಟರೆ 30ರದು, ಅದೂ ಸಿಗದಿದ್ದರೆ ಸಿಗರೇಟ್ ಪ್ಯಾಕಿನ ಬೇಗಡೆ! ಫ್ಯೂಸು ಸುಡುವುದೇ ವೈರು ಸುಡದಿರಲಿ ಎಂದು. ಅಷ್ಟೇ ಆಂಪಿಯರಿನ ಹೊಸ ಫ್ಯೂಸೂ ಹಾಕಿದ ಕೂಡಲೇ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಎಸ್ಟೇಟ್ ಗಾಡಿಯಾದರೆ ಇಲಿ ಕಡಿದ ವೈರನ್ನು ಹುಡುಕಿ. ಕೆಲವು ಕಾರುಗಳಲ್ಲಿ ಹಾರ್ನಿಗೂ ಹಜಾರ್ಡ್ ದೀಪಕ್ಕೂ ಒಂದೇ ಫ್ಯೂಸು. ಅಂಥ ಕಾರಿನಲ್ಲಿ ದೀಪ ಮಿನುಗಿದರೆ ಫ್ಯೂಸು ನೆಟ್ಟಗಿದೆ.

ಆಮೇಲೆ ರಿಲೇ, ಅಂದರೆ ಬಟನ್ ಒತ್ತಿದಾಗ ಹಾರ್ನಿಗೆ ಕರೆಂಟ್ ಹರಿಸುವ ಸ್ವಿಚ್. ಹಾರ್ನ್ ಒತ್ತಿದಾಗ ಫ್ಯೂಸ್ ಡಬ್ಬಿಯಲ್ಲಿ ‘ಟಿಕ್’ ಎಂದರೆ ಸ್ಟೀರಿಂಗ್ ಕಡೆಯ ಕೆಲಸ ಸರಿಯಿದೆ. ಟಿಕ್ ಇಲ್ಲದಿದ್ದರೆ ಅದೇ ನಂಬರಿನ ಇನ್ನೊಂದು ರಿಲೇ ಅದಲುಬದಲು ಮಾಡಿ ನೋಡಿ. ಆಗಲೂ ಇಲ್ಲ, ಜೊತೆಗೆ ಏರ್‌ಬ್ಯಾಗ್ ದೀಪ ಹೊತ್ತಿಕೊಂಡಿದೆ, ಸ್ಟೀರಿಂಗ್ ಮೇಲಿನ ಹಾಡಿನ ಬಟನ್ನೂ ಕೆಲಸ ಮಾಡುತ್ತಿಲ್ಲವೆಂದರೆ ಸ್ಟೀರಿಂಗಿನೊಳಗೆ ಸುತ್ತಿಟ್ಟ ಪಟ್ಟಿ ಕೇಬಲ್, ಅಂದರೆ ಕ್ಲಾಕ್ ಸ್ಪ್ರಿಂಗ್ ತುಂಡಾಗಿರಬಹುದು. ಅಲ್ಲಿ ಮನೆಮದ್ದು ಬೇಡ. ಏರ್‌ಬ್ಯಾಗ್ ಸಿಡಿದರೆ ಮುಖ ಉಳಿಯುವುದಿಲ್ಲ. ತಿಳಿದವರ ಕೈಗೆ ಬಿಡಿ.

ದನಿ ಕೆಮ್ಮಿದಂತಿದ್ದರೆ ಎಣ್ಣೆ ಬಿಡುವುದು ಇನ್ನೊಂದು ಅಭ್ಯಾಸ. ಎಣ್ಣೆಗೆ ಧೂಳು ಅಂಟುತ್ತದೆ, ಪಾಯಿಂಟ್ ಇನ್ನಷ್ಟು ಕೆಡುತ್ತದೆ. ಹಿಂಭಾಗದಲ್ಲಿ ಸಣ್ಣ ಸ್ಕ್ರೂ ಇದ್ದರೆ ಕಾಲು ಸುತ್ತು ಅತ್ತಿತ್ತ ತಿರುಗಿಸಿ ದನಿ ಕೇಳಿ. ಶಂಖದಾಕಾರದ ಹಾರ್ನಿನ ಬಾಯಿ ಕೆಳಮುಖವಾಗಿರಬೇಕು. ಸದ್ದು ಮುಂದಕ್ಕೆ ಹೋಗಲೆಂದು ಮೇಲ್ಮುಖ ಮಾಡಿಸಿದರೆ ಅದು ಮಳೆನೀರಿನ ಲೋಟವಾಗುತ್ತದೆ.

ಘಾಟಿಗೆ ಪ್ರೆಷರ್ ಹಾರ್ನೇ ಬೇಕು ಎಂಬ ಶೋಕಿಯೂ ಇದೆ. ಕರ್ಕಶ ಹಾರ್ನನ್ನೂ ಬಗೆಬಗೆ ರಾಗದ ಹಾರ್ನನ್ನೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ನಿಷೇಧಿಸುತ್ತದೆ. ಸುಮ್ಮಸುಮ್ಮನೆ ಹಾರ್ನ್ ಹೊಡೆದರೂ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಮೊದಲ ಸಲ 1,000, ಮತ್ತೊಮ್ಮೆ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ ಗೊತ್ತುಮಾಡಿತು. ಮಂಜಿನ ತಿರುವಿನಲ್ಲಿ ಕಂಪನಿಯ ಹಾರ್ನೇ ಸಾಕು, ವೇಗ ಇಳಿದಿದ್ದರೆ; ಲೋ ಬೀಮ್ ಹೊತ್ತಿರಲಿ, ಹತ್ತುವ ಗಾಡಿಗೆ ದಾರಿ ಬಿಡಿ.

ನಾನೀಗ ಮೇ ಕೊನೆಗೆ, ಮುಂಗಾರು ಹಿಡಿಯುವ ಮೊದಲು, ಹಾರ್ನಿನ ಬೋಲ್ಟ್ ಬಿಚ್ಚಿ ತಿಕ್ಕಿ, ಬಿಗಿದ ಮೇಲೆ ವ್ಯಾಸಲಿನ್ ಸವರುತ್ತೇನೆ. ಹತ್ತು ನಿಮಿಷದ ಕೆಲಸ. ಡಿಕ್ಕಿಯಲ್ಲಿದ್ದ ಹಳೆಯ ಜೋಡಿ ಆ ಎಸ್ಟೇಟ್ ಜೀಪಿನಲ್ಲಿ ಇನ್ನೂ ಕೂಗುತ್ತಿದೆ.