ಏಳು ಅಡಿ ಅಗಲದ ಮನೆ

ಇಂಗ್ಲೆಂಡಿನ ಕಾಲುವೆಗಳಲ್ಲಿ ಸಂಚರಿಸುವ ನ್ಯಾರೋಬೋಟ್ ಎಂಬ ದೋಣಿಯ ಅಗಲ 6 ಅಡಿ 10 ಅಂಗುಲ. ಉದ್ದವೋ, 70 ಅಡಿಯನ್ನೂ ಮುಟ್ಟಬಹುದು. ಓಣಿಯಂತಹ ಈ ಜಾಗದಲ್ಲಿ ಒಲೆ, ಮಂಚ, ಬಚ್ಚಲು, ಪುಸ್ತಕದ ಗೂಡು ಎಲ್ಲವನ್ನೂ ಒಂದರ ಬೆನ್ನಿಗೊಂದರಂತೆ ಜೋಡಿಸಿಕೊಂಡು, ವರ್ಷದ ಹನ್ನೆರಡು ತಿಂಗಳೂ ನೀರಿನ ಮೇಲೆಯೇ ಬಾಳುವವರು ಆ ದೇಶದಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರ ನಡುವೆ, ಬಾಳಿನ ಸಂಗಾತಿಯನ್ನು ಕಳೆದುಕೊಂಡ ತರುವಾಯ, ಇಬ್ಬರಿಗಾಗಿ ಕಟ್ಟಿದ ಮನೆಯನ್ನು ಮಾರಿ ದೋಣಿಯೊಂದನ್ನು ಕೊಂಡು ಒಬ್ಬರೇ ಹೊರಟವರೂ ಉಂಟು. ಅವರ ಜೀವನಕ್ರಮವನ್ನು ಅರಿಯಬೇಕಾದರೆ ಆ ದೋಣಿ ಅಷ್ಟು ಕಿರಿದಾದುದೇಕೆಂಬುದನ್ನು ಮೊದಲು ತಿಳಿಯಬೇಕು.

ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರನು 1766ರಲ್ಲಿ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಕೂಡಿಸುವ ಕಾಲುವೆಯನ್ನು ಆರಂಭಿಸಿದಾಗ, ದಿಣ್ಣೆಗಳನ್ನು ಹತ್ತಿಳಿಯಲು ಬೇಕಾದ ಲಾಕುಗಳನ್ನು, ಎಂದರೆ ಇಕ್ಕೆಲದಲ್ಲಿ ಕದಗಳುಳ್ಳ ನೀರಿನ ತೊಟ್ಟಿಗಳನ್ನು, ಸುಮಾರು 7 ಅಡಿ ಅಗಲಕ್ಕೆ ಕಟ್ಟಿಸಿದನು. ತೊಟ್ಟಿ ಕಿರಿದಾದಷ್ಟೂ ಖರ್ಚು ಕಡಮೆ, ನೀರಿನ ವ್ಯಯವೂ ಕಡಮೆ. ಆತ 1772ರಲ್ಲಿ ತೀರಿಕೊಂಡನು. ಕೆಲಸವನ್ನು 1777ರಲ್ಲಿ ಮುಗಿಸಿದವನು ಅವನ ಹೆಂಡತಿಯ ಸೋದರ. ತಾನು ಪೂರ್ಣವಾಗಿ ಕಾಣದೆ ಹೋದ ಕಾಲುವೆಗೆಂದು ಬ್ರಿಂಡ್ಲಿ ಗೊತ್ತುಮಾಡಿದ ಆ ಅಳತೆಯೇ ಇಂದಿಗೂ ಇಲ್ಲಿನ ದೋಣಿಯ ಅಳತೆ. ರೈಲಿನ ಪೈಪೋಟಿಯಿಂದ ಕೂಲಿ ಕುಗ್ಗಿದಾಗ ಸರಕು ಸಾಗಿಸುತ್ತಿದ್ದ ಅಂಬಿಗನು ಹೆಂಡತಿ ಮಕ್ಕಳನ್ನೂ ದೋಣಿಗೇ ಕರೆತಂದನು. ಕಲ್ಲಿದ್ದಲಿನ ರಾಶಿಯ ಹಿಂದೆ, ಸುಮಾರು 10 ಅಡಿ ಉದ್ದದ ಕೋಣೆಯಲ್ಲಿ, ಗುಲಾಬಿ ಹೂಗಳನ್ನೂ ಕೋಟೆಗಳನ್ನೂ ಬಣ್ಣದಲ್ಲಿ ಬರೆದ ಬಾಗಿಲುಗಳ ನಡುವೆ, ತಲೆಮಾರುಗಳು ಹುಟ್ಟಿ ಬೆಳೆದುವು. 1962–63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದುವು. ಆಮೇಲೆ ಸರಕು ಸಾಗಣೆ ಮತ್ತೆ ಚೇತರಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಲೇಖಕ ಎಲ್. ಟಿ. ಸಿ. ರೋಲ್ಟನು ಕಾಲುವೆಗಳನ್ನು ಕುರಿತು 1944ರಲ್ಲಿ ಪ್ರಕಟಿಸಿದ ಗ್ರಂಥವನ್ನೋದಿ ಜನ ಈ ನೀರಿನ ಕಡೆಗೆ ತಿರುಗಿದ್ದರು, 1946ರಲ್ಲಿ ಕಾಲುವೆಗಳ ರಕ್ಷಣೆಗೆ ಸಂಘವೂ ಹುಟ್ಟಿತ್ತು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸುಮಾರು 2000 ಮೈಲಿ ಜಲಮಾರ್ಗವನ್ನು 2012ರಿಂದ ಒಂದು ದತ್ತಿ ಸಂಸ್ಥೆ ನೋಡಿಕೊಳ್ಳುತ್ತಿದೆ.

ದುಃಖದಲ್ಲಿರುವವರು ದೋಣಿಯನ್ನು ಕೊಳ್ಳುವಾಗ ಬಣ್ಣವನ್ನೂ ಪರದೆಗಳನ್ನೂ ನೋಡಿ ಮರುಳಾಗುವ ಭಯವಿರುವುದರಿಂದ, ಕೊಳ್ಳುವ ಮುನ್ನ ನೋಡಬೇಕಾದುದನ್ನು ಬಿಡಿಸಿ ಹೇಳಬೇಕು. ದೋಣಿಯ ಪ್ರಾಣವಿರುವುದು ಅದರ ತಳದಲ್ಲಿ. ಹೊಸ ದೋಣಿಯ ತಳಕ್ಕೆ ಸಾಮಾನ್ಯವಾಗಿ 10 ಮಿಲಿಮೀಟರು, ಪಕ್ಕಗಳಿಗೆ 6, ಮೇಲಿನ ಮನೆಗೆ 4 ಮಿಲಿಮೀಟರು ದಪ್ಪದ ಉಕ್ಕಿನ ತಗಡನ್ನು ಹಾಕಿರುತ್ತಾರೆ. ತುಕ್ಕು ಇದನ್ನು ಸದ್ದಿಲ್ಲದೆ ತಿನ್ನುತ್ತದೆ. ಆದಕಾರಣ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ಪರೀಕ್ಷಕನು ಸುತ್ತಿಗೆಯಿಂದ ತಟ್ಟಿ, ಯಂತ್ರವಿಟ್ಟು ದಪ್ಪವನ್ನಳೆದು ವರದಿ ಕೊಡುವವರೆಗೆ ಪೂರ್ತಿ ಹಣವನ್ನು ಕೊಡಬಾರದು. ಎರಡು ಮೂರು ವರ್ಷಕ್ಕೊಮ್ಮೆ ಹೊರಮೈಗೆ ಡಾಮರು ಬಳಿಸಬೇಕು. ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತೆಯ ಪ್ರಮಾಣಪತ್ರವನ್ನು ಪಡೆಯಬೇಕು. ಸ್ವಂತದ ಕಟ್ಟುದಾಣವಿಲ್ಲದವರು 1995ರ ಶಾಸನದಂತೆ ಸಾಮಾನ್ಯವಾಗಿ ಒಂದೆಡೆಯಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಪ್ರಯಾಣವೇ ಅವರಿಗೆ ವಿಧಿಸಿದ ಬಾಳು. ಜೂನ್ ತಿಂಗಳ ಬಿಸಿಲಿನಲ್ಲಿ ಕಂಡ ದೋಣಿಗೆ ಮನಸೋಲುವ ಮೊದಲು ಜನವರಿಯಲ್ಲಿ ಒಂದೆರಡು ವಾರ ಬಾಡಿಗೆ ದೋಣಿಯಲ್ಲಿದ್ದು ನೋಡುವುದು ಲೇಸೆಂದು ನನ್ನ ದೃಢವಾದ ಅಭಿಪ್ರಾಯ. ಆಗ ಒಲೆಯ ಬೆಂಕಿಯನ್ನು ಹಗಲಿರುಳೂ ಕಾಯಬೇಕು, ಕಿಟಕಿಗಳಿಂದ ಬೆವರಿನಂತೆ ಇಳಿಯುವ ನೀರನ್ನು ಒರಸಬೇಕು, ಶೌಚದ ಡಬ್ಬಿಯನ್ನು ತಾನೇ ಹೊತ್ತು ಬರಿದುಮಾಡಬೇಕು.

ಅಷ್ಟೆಲ್ಲ ಇದ್ದೂ ಜನ ಹೋಗುವುದೇಕೆ? ಮರೆಯುವುದಕ್ಕೆಂದು ಹಲವರು ಊಹಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಷ್ರಾಪ್‌ಷೈರ್ ಯೂನಿಯನ್ ಕಾಲುವೆ ಚೆಷೈರಿನ ಬಯಲಿಗೆ ಇಳಿಯುವ ಆಡ್ಲಮ್ ಊರಿನ ಬಳಿ 15 ಲಾಕುಗಳು ಒಂದರ ಕೆಳಗೊಂದು ಸಾಲಾಗಿವೆ. ಅಲ್ಲಿ ಒಂದು ಮಧ್ಯಾಹ್ನ, ಅರುವತ್ತು ದಾಟಿದ ಒಬ್ಬ ಮಹಿಳೆ ತಮ್ಮ ದೋಣಿಯನ್ನು ಒಬ್ಬರೇ ಇಳಿಸುತ್ತಿದ್ದುದನ್ನು ದಡದಲ್ಲಿ ನಿಂತು ನೋಡಿದೆನು. ಲಾಕಿನ ಕೆಲಸ ಇಬ್ಬರದು: ಒಬ್ಬರು ಚುಕ್ಕಾಣಿ ಹಿಡಿಯಬೇಕು, ಇನ್ನೊಬ್ಬರು ದಡದ ಮೇಲೆ ಕಬ್ಬಿಣದ ತಿರುಗುಹಿಡಿಯಿಂದ ತೂಬನ್ನೆತ್ತಿ, ಬೆನ್ನುಕೊಟ್ಟು ಕದವನ್ನು ತಳ್ಳಬೇಕು. “ನಿವೃತ್ತಿಯಾದ ಮೇಲೆ ಹೊರಡೋಣವೆಂದಿದ್ದೆವು, ಚುಕ್ಕಾಣಿ ಅವರದು, ತೂಬು ನನ್ನದು ಎಂದು ಮಾತಾಗಿತ್ತು” ಎಂದರು ಆಕೆ.

ಆಕೆ ದೋಣಿಯನ್ನು ತುಂಬಿದ ತೊಟ್ಟಿಯೊಳಕ್ಕೆ ಮೆಲ್ಲನೆ ತಂದು, ಹಗ್ಗವನ್ನು ಹಿಡಿದೇ ದಡಕ್ಕೆ ಕಾಲಿಟ್ಟು, ಗೂಟಕ್ಕೆ ಕಟ್ಟದೆ ಬರಿದೆ ಒಂದು ಸುತ್ತು ಸುತ್ತಿದರು. ಕಟ್ಟಿದರೆ ನೀರಿಳಿದಂತೆ ದೋಣಿ ಹಗ್ಗದಲ್ಲಿ ನೇತುಬೀಳುತ್ತದೆ. ಮೇಲಿನ ಕದದ ಕೆಳಗೆ ನೀರಿನಲ್ಲಡಗಿದ ಕಲ್ಲಿನ ಹೊಸ್ತಿಲೊಂದಿದೆ. ದೋಣಿಯ ಹಿಂಭಾಗ ಅದರ ಮೇಲೆ ಕುಳಿತರೆ ಮುಂಭಾಗ ಮುಳುಗುವುದರಿಂದ, ಅದರ ಎಲ್ಲೆಯನ್ನು ತೋರುವ ಬಿಳಿಯ ಗೆರೆಯಿಂದ ಆಕೆಯ ಕಣ್ಣು ಕದಲಲಿಲ್ಲ. ಹೀಗೆ ಕಣ್ಣೂ ಕೈಯೂ ಬೆನ್ನೂ ಒಂದೇ ಕಾರ್ಯದಲ್ಲಿ ತೊಡಗಿರುವಾಗ ಶೋಕವು ಇಲ್ಲವಾಗದು; ಗಂಡನಿಗೆ ಮೀಸಲಾಗಿದ್ದ ಪಾಲಿನ ಕೆಲಸವನ್ನು ದಿನಕ್ಕೆ ಹತ್ತು ಸಲ ತಾನೇ ಮಾಡುವ ಆ ಹೆಂಗಸಿಗೆ ಅವನ ನೆನಪು ದುಡಿಮೆಯ ರೂಪವನ್ನು ತಾಳುತ್ತದೆಂದು ನನಗನಿಸಿತು. ಮಾರಿದ ಮನೆಯಿಂದ ತಂದುದೇನೆಂದು ಕೇಳಿದೆನು. ಅವರ ಮಳೆಯ ಅಂಗಿ, ಅದನ್ನೇ ತೊಟ್ಟಿದ್ದೇನೆ, ಎಂದರು.

ತೊಟ್ಟಿ ಬರಿದಾಯಿತು. ಕೆಳಗಿನ ಕದಗಳನ್ನು ತೆರೆದು, ಜಾರುವ ಏಣಿಯಲ್ಲಿಳಿದು, ದೋಣಿಯನ್ನು ಹೊರಗೆ ನಡೆಸಿದರು. ಲಾಕನ್ನು ತೆರೆದಿಟ್ಟು ಹೋಗಕೂಡದಷ್ಟೆ. ಆದುದರಿಂದ ದೋಣಿಯನ್ನು ಕೆಳಗೆ ಕಟ್ಟಿಹಾಕಿ, ತಿರುಗುಹಿಡಿಯನ್ನು ನಡುವಿನ ಪಟ್ಟಿಗೆ ಸಿಕ್ಕಿಸಿಕೊಂಡು, ಕದಗಳನ್ನು ಮುಚ್ಚುವುದಕ್ಕಾಗಿ ಮೆಟ್ಟಿಲುಗಳನ್ನು ಮತ್ತೆ ಹತ್ತಿ ಬಂದರು. ಒಂದು ಕದಕ್ಕೆ ನಾನೂ ಬೆನ್ನುಕೊಟ್ಟೆನು.