ಅತಿಥಿ ಎದ್ದುಹೋದ ಮೇಲೆ: ವರ್ಚುವಲ್ ಮಷೀನುಗಳೂ ಆತಿಥೇಯ ಪ್ರೊಸೆಸರಿನ ಸ್ಥಿತಿಯೂ

ಹೋದ ವರ್ಷ ಅಮ್ಮ ಊರಿನಿಂದ ಬಂದು ಆರು ತಿಂಗಳು ನಮ್ಮ ಜೊತೆಗಿದ್ದರು. ಅವರನ್ನು ವಿಮಾನ ಹತ್ತಿಸಿ ಬಂದ ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟು, ತಲೆ ಎತ್ತದೆ ಎಂದಿನ ಜಾಗಕ್ಕೆ ಕೈ ಹಾಕಿದಳು. ಸಾಸಿವೆ ಎಂದು ಬಾಣಲೆಗೆ ಬಿದ್ದದ್ದು ರಾಗಿ! ಅಮ್ಮ ಏನನ್ನೂ ಕೆಡಿಸಿರಲಿಲ್ಲ, ಏನನ್ನೂ ಕಳೆದಿರಲಿಲ್ಲ. ತಮ್ಮ ಕೈಗೆ ಅನುಕೂಲವಾಗುವಂತೆ ಡಬ್ಬಿಗಳನ್ನು ಅದಲು ಬದಲು ಮಾಡಿಕೊಂಡಿದ್ದರು, ಅಷ್ಟೆ.

ನಾನು ಇಷ್ಟು ವರ್ಷಗಳಿಂದ ಮಾಡುತ್ತಿರುವ ಕೆಲಸವೇನು ಎಂದು ಮನೆಯವರು ಕೇಳಿದಾಗಲೆಲ್ಲ ತಡವರಿಸುತ್ತಿದ್ದೆ. ಆ ದಿನ ಉತ್ತರ ಸಿಕ್ಕಿತು. ನಮ್ಮ ವೃತ್ತಿಯಲ್ಲಿ ಬಳಕೆಯಲ್ಲಿರುವ ಪದಗಳೂ ಇವೇ: ಗೆಸ್ಟ್ ಮತ್ತು ಹೋಸ್ಟ್, ಅಂದರೆ ಅತಿಥಿ ಮತ್ತು ಆತಿಥೇಯ. ಅತಿಥಿ ಅಡುಗೆ ಮಾಡಿ ಹೋದ ಮೇಲೆ ಆತಿಥೇಯನ ಡಬ್ಬಿಗಳು ಮೊದಲಿದ್ದಲ್ಲೇ ಇರುವಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ನಮ್ಮ ಸಂಘದಲ್ಲಿ ಸಾಫ್ಟ್‌ವೇರಿನವರಿಗೆ ಕೊರತೆಯಿಲ್ಲ; ಅವರು ಮುಂದಿನ ಮೂರು ಪ್ಯಾರಾಗಳನ್ನು ಹಾರಿಸಿದರೂ ನಡೆಯುತ್ತದೆ.

ಇಂದು ಬ್ಯಾಂಕಾಗಲಿ ಆಸ್ಪತ್ರೆಯಾಗಲಿ ತನ್ನ ತಂತ್ರಾಂಶಕ್ಕೆಂದು ಪ್ರತ್ಯೇಕ ಕಂಪ್ಯೂಟರನ್ನು ಇಟ್ಟುಕೊಳ್ಳುವುದು ಕಡಿಮೆಯಾಗುತ್ತಿದೆ. ಎಲ್ಲೋ ಒಂದು ಡೇಟಾ ಸೆಂಟರಿನ ದೊಡ್ಡ ಯಂತ್ರದಲ್ಲಿ ಒಂದು ಪಾಲನ್ನು ಬಾಡಿಗೆಗೆ ಪಡೆಯುತ್ತಾರೆ. ಆ ಪಾಲೇ ವರ್ಚುವಲ್ ಮಷೀನ್. ಒಂದೇ ಯಂತ್ರದಲ್ಲಿ ಹತ್ತಾರು ಗ್ರಾಹಕರು ಇರಬಹುದು, ಪ್ರತಿಯೊಬ್ಬರಿಗೂ ಇಡೀ ಕಂಪ್ಯೂಟರ್ ತಮ್ಮದೇ ಎಂಬ ಭಾವನೆ. ಈ ಭ್ರಮೆಯನ್ನು ಕಾಪಾಡುವ ಯಜಮಾನ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಲಿನಕ್ಸ್ ಕರ್ನೆಲ್ಲನ್ನೇ ಹೈಪರ್‌ವೈಸರ್ ಆಗಿಸುವ ಕೆವಿಎಂ ಇವುಗಳಲ್ಲಿ ಪ್ರಸಿದ್ಧವಾದದ್ದು. ಗೂಗಲ್ಲಿನ ಕ್ಲೌಡ್ ನಡೆಯುವುದೂ ಅದರ ಮೇಲೆಯೇ.

ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಅತಿಥಿಯ ಸೂಚನೆಗಳನ್ನು ಯಾರೋ ನಡುವೆ ನಿಂತು ಓದಿ, ಅನುವಾದಿಸಿ ನಡೆಸುವುದಿಲ್ಲ. ಅವು ನೇರವಾಗಿ ನಿಜವಾದ ಪ್ರೊಸೆಸರಿನ ಮೇಲೆಯೇ ಓಡುತ್ತವೆ, ವೇಗ ಬರುವುದೇ ಅದರಿಂದ. ಆದರೆ ಪ್ರೊಸೆಸರ್ ಕೆಲಸ ಮಾಡುವುದು ರಿಜಿಸ್ಟರುಗಳೆಂಬ ಪುಟ್ಟ ಡಬ್ಬಿಗಳ ಮೂಲಕ. ಇಂದಿನ ಇಂಟೆಲ್ ಮಾದರಿಯ ಪ್ರೊಸೆಸರಿನ ಪ್ರತಿ ಕೋರಿನಲ್ಲಿ ಸಾಮಾನ್ಯ ಬಳಕೆಗೆ 64 ಬಿಟ್‌ಗಳ 16 ರಿಜಿಸ್ಟರುಗಳಿವೆ, ಒಟ್ಟು ಬರೀ 128 ಬೈಟ್. ದಶಮಾಂಶ ಲೆಕ್ಕ, ಚಿತ್ರ, ಗೂಢಲಿಪಿಗಳಿಗೆಂದು ದೊಡ್ಡ ಡಬ್ಬಿಗಳ ಇನ್ನೊಂದು ಸಾಲಿದೆ. ಹೊಸ ಸರ್ವರ್ ಪ್ರೊಸೆಸರುಗಳಲ್ಲಿ 512 ಬಿಟ್‌ಗಳ 32 ರಿಜಿಸ್ಟರುಗಳು, ಅಂದರೆ 2048 ಬೈಟ್. ಇವಲ್ಲದೆ ಮುಂದಿನ ಸೂಚನೆ ಎಲ್ಲಿದೆ, ಮೆಮೊರಿಯ ನಕ್ಷೆ ಎಲ್ಲಿದೆ, ಅಡಚಣೆ ಬಂದರೆ ಎಲ್ಲಿಗೆ ಹೋಗಬೇಕು ಎಂದು ಹೇಳುವ ನಿಯಂತ್ರಣ ರಿಜಿಸ್ಟರುಗಳು ಬೇರೆ. ಒಂದು ಕ್ಷಣದಲ್ಲಿ ಇವೆಲ್ಲವುಗಳ ಒಳಗಿರುವುದನ್ನು ಒಟ್ಟಾಗಿ ಪ್ರೊಸೆಸರಿನ ಸ್ಥಿತಿ ಎನ್ನುತ್ತೇವೆ.

ಅಡುಗೆಮನೆ ಒಂದೇ, ಅಡುಗೆಯವರು ಇಬ್ಬರು. ಅತಿಥಿ ಒಳಗೆ ಹೋಗುವಾಗ ಎಲ್ಲ ಡಬ್ಬಿಗಳೂ ಅವನವು. ಹೊರಗೆ ಬಂದಾಗ ಎಲ್ಲವೂ ಆತಿಥೇಯನವು. ಈ ಅದಲು ಬದಲು ಸೆಕೆಂಡಿಗೆ ಸಾವಿರಾರು ಬಾರಿ ನಡೆಯಬಹುದು.

ಕಲ್ಪನೆ ಹಳೆಯದು. ಐಬಿಎಂ ತನ್ನ ದೊಡ್ಡ ಯಂತ್ರಗಳಿಗೆ ವಿಎಂ/370 ಎಂಬ ವ್ಯವಸ್ಥೆಯನ್ನು 1972ರಲ್ಲೇ ಹೊರತಂದಿತ್ತು. ಎಂಥ ಪ್ರೊಸೆಸರಿನಲ್ಲಿ ಇದು ಸರಿಯಾಗಿ ಸಾಧ್ಯ ಎಂಬ ಲಕ್ಷಣವನ್ನು ಪೊಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲಿ ಬರೆದರು. ನಮ್ಮ ಮೇಜಿನ ಮೇಲಿನ ಪೆಂಟಿಯಂ ಆ ಪರೀಕ್ಷೆಯಲ್ಲಿ ನಪಾಸು: ಅದರ 17 ಸೂಚನೆಗಳು ಯಜಮಾನನಿಗೆ ಸುದ್ದಿಯೇ ಮುಟ್ಟದಂತೆ ತಪ್ಪು ವರ್ತಿಸುತ್ತವೆ ಎಂದು 2000ನೇ ಇಸವಿಯಲ್ಲಿ ರಾಬಿನ್ ಮತ್ತು ಅರ್ವಿನ್ ಪಟ್ಟಿ ಮಾಡಿ ತೋರಿಸಿದರು. ಅಷ್ಟರಲ್ಲಾಗಲೇ ವಿಎಂವೇರ್ ಬಹಳ ಜಾಣತನದ ತಂತ್ರಾಂಶದಿಂದ ಈ ಕೊರತೆಯನ್ನು ದಾಟಿತ್ತು. ಕೊನೆಗೆ 2005ರ ನವೆಂಬರಿನಲ್ಲಿ ಇಂಟೆಲ್, 2006ರ ಮೇ ತಿಂಗಳಲ್ಲಿ ಎಎಂಡಿ, ಪ್ರೊಸೆಸರಿನೊಳಗೇ ಅತಿಥಿಗೆಂದು ಬಾಗಿಲು ಕೊರೆದವು. ಅದನ್ನು ಬಳಸಿಕೊಂಡು ಇಸ್ರೇಲಿನ ಕುಮ್ರಾನೆಟ್ ಕಂಪನಿಯ ಅವಿ ಕಿವಿಟಿ ಬರೆದ ಕೆವಿಎಂ 2007ರ ಫೆಬ್ರವರಿಯ ಲಿನಕ್ಸ್ 2.6.20 ಆವೃತ್ತಿಯಲ್ಲಿ ಸೇರಿತು.

ಇಂಟೆಲ್ ಕೊರೆದ ಬಾಗಿಲಿನ ಪಕ್ಕದಲ್ಲಿ ಒಂದು ದಾಖಲೆ ಪುಸ್ತಕವಿದೆ: ವಿಎಂಸಿಎಸ್. ಹೆಚ್ಚೆಂದರೆ 4096 ಬೈಟಿನ ಮೆಮೊರಿ ತುಣುಕು. ಅದರಲ್ಲಿ ಅತಿಥಿಯ ಸ್ಥಿತಿಗೆ ಒಂದು ಭಾಗ, ಆತಿಥೇಯನ ಸ್ಥಿತಿಗೆ ಇನ್ನೊಂದು. ಮುಂದಿನ ಸಲ ಅಮ್ಮ ಬರುವ ಮೊದಲು ಅಡುಗೆಮನೆಯ ಕಪಾಟಿನ ಫೋಟೋ ತೆಗೆದಿಡುತ್ತೇನೆ ಎಂದು ನನ್ನ ಹೆಂಡತಿ ಹೇಳಿದ್ದಾಳೆ. ಆ ಫೋಟೋ ಇದ್ದ ಹಾಗೆ ಈ ಆತಿಥೇಯನ ಭಾಗ. ಅತಿಥಿ ಹೊರಬಂದ ಕ್ಷಣದಲ್ಲಿ ಪ್ರೊಸೆಸರ್ ಅದನ್ನು ನೋಡಿ ಮೆಮೊರಿಯ ನಕ್ಷೆ ಹೇಳುವ ಸಿಆರ್3, ಮುಂದಿನ ಸೂಚನೆಯ ವಿಳಾಸ, ಸ್ಟ್ಯಾಕಿನ ವಿಳಾಸ ಮೊದಲಾದವನ್ನು ಒಂದೇ ಏಟಿಗೆ ಬದಲಿಸುತ್ತದೆ. ಒಂದೇ ಏಟಿಗೆ ಏಕೆ? ನಕ್ಷೆಯನ್ನು ಮಾತ್ರ ಮೊದಲು ಬದಲಿಸಿದರೆ, ಬದಲಿಸುತ್ತಿರುವ ಸೂಚನೆಯ ಮುಂದಿನ ಸೂಚನೆಯೇ ಕಾಣೆಯಾಗಬಹುದು. ನಿಂತ ನೆಲವನ್ನು ತಾನೇ ಎಳೆದುಕೊಂಡಂತೆ.

ಹಾಗಾದರೆ ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುತ್ತದೆಯೇ? ಇಲ್ಲ. ಹೊಸಬರು ಎಡವುವುದು ಇಲ್ಲಿಯೇ. 16 ಸಾಮಾನ್ಯ ರಿಜಿಸ್ಟರುಗಳಲ್ಲಿ ಸ್ಟ್ಯಾಕಿನ ವಿಳಾಸವಿರುವ ಒಂದನ್ನು ಬಿಟ್ಟು ಉಳಿದ 15ನ್ನು ಪ್ರೊಸೆಸರ್ ಮುಟ್ಟುವುದಿಲ್ಲ. ಅತಿಥಿ ಬಿಟ್ಟ ಮೌಲ್ಯಗಳೇ ಅವುಗಳಲ್ಲಿ ಉಳಿದಿರುತ್ತವೆ. ದಶಮಾಂಶದ ದೊಡ್ಡ ಸಾಲನ್ನೂ ಅದು ಮುಟ್ಟುವುದಿಲ್ಲ. ಇವೆಲ್ಲ ಹೈಪರ್‌ವೈಸರ್ ಬರೆಯುವವರ ಪಾಲು. ಎಎಂಡಿ ಪಾಲು ಹಂಚಿದ ರೀತಿ ಸ್ವಲ್ಪ ಬೇರೆ, ಆದರೆ ಹಂಚಿಕೆ ಅಲ್ಲಿಯೂ ಇದೆ.

ಇನ್ನೂ ಸೂಕ್ಷ್ಮವಾದ ಒಂದು ವರ್ಗವಿದೆ: ಯಂತ್ರ ಮರಳಿಸುತ್ತದೆ, ಆದರೆ ಇದ್ದ ಹಾಗೆ ಅಲ್ಲ. ಟಿಎಸ್‌ಎಸ್ ಎಂಬ ಕೋಷ್ಟಕದ ಉದಾಹರಣೆ ನನಗೆ ಬಹಳ ಇಷ್ಟ. ಅದರ ಮೂಲ ಗಾತ್ರ 104 ಬೈಟ್. ಅದಕ್ಕೆ ಅಂಟಿಕೊಂಡಂತೆ, ಯಾವ ಪ್ರೋಗ್ರಾಂ ಯಾವ ಹಾರ್ಡ್‌ವೇರ್ ಪೋರ್ಟನ್ನು ನೇರವಾಗಿ ಮುಟ್ಟಬಹುದು ಎಂದು ಹೇಳುವ ಅನುಮತಿ ಪಟ್ಟಿ ಇರುತ್ತದೆ. 65536 ಪೋರ್ಟುಗಳಿಗೆ ಒಂದೊಂದು ಬಿಟ್‌ನಂತೆ 8192 ಬೈಟ್. ಅತಿಥಿ ಹೊರಬಂದಾಗ ಇಂಟೆಲ್ ಪ್ರೊಸೆಸರ್ ಕೋಷ್ಟಕದ ವಿಳಾಸವನ್ನು ಸರಿಯಾಗಿಯೇ ಮರಳಿಸುತ್ತದೆ, ಆದರೆ ಅದರ ಉದ್ದವನ್ನು ಸದಾ 104 ಬೈಟ್ ಎಂದೇ ಬರೆದುಬಿಡುತ್ತದೆ. ಅನುಮತಿ ಪಟ್ಟಿ ಮೆಮೊರಿಯಲ್ಲಿ ಭದ್ರವಾಗಿದೆ, ಪ್ರೊಸೆಸರಿನ ಕಣ್ಣಿಗೆ ಮಾತ್ರ ಕಾಣುವುದಿಲ್ಲ. ನಿನ್ನೆಯವರೆಗೆ ಹಳೆಯ ಉಪಕರಣದೊಂದಿಗೆ ನೆಮ್ಮದಿಯಾಗಿ ಮಾತಾಡುತ್ತಿದ್ದ ಆತಿಥೇಯನ ಪ್ರೋಗ್ರಾಂ, ಪಕ್ಕದಲ್ಲಿ ಯಾರೋ ವರ್ಚುವಲ್ ಮಷೀನ್ ಓಡಿಸಿದ ತಪ್ಪಿಗೆ, ಅನುಮತಿಯಿಲ್ಲ ಎಂದು ಹೇಳಿಸಿಕೊಂಡು ಸಾಯಬೇಕಾಗುತ್ತದೆ. ಹಾಗಾಗದಂತೆ ಕೆವಿಎಂ ಈ ಉದ್ದವನ್ನು ಪ್ರತಿ ಸಲ ಸರಿಪಡಿಸುತ್ತಿತ್ತು. ಅದು ನಿಧಾನದ ಕೆಲಸ, ಮತ್ತು ಆ ಪಟ್ಟಿಯನ್ನು ಬಳಸುವ ಪ್ರೋಗ್ರಾಂಗಳು ತೀರ ವಿರಳ. 2017ರಲ್ಲಿ ಉಪಾಯ ಬದಲಾಯಿತು: "ಉದ್ದ ಕೆಟ್ಟಿದೆ" ಎಂದು ಒಂದು ಗುರುತು ಮಾತ್ರ ಹಾಕಿಡು, ಪಟ್ಟಿ ನಿಜವಾಗಿ ಬೇಕಾದ ಪ್ರೋಗ್ರಾಂ ಬಂದಾಗ ಸರಿಪಡಿಸು.

ಇನ್ನು ನನ್ನದೇ ಅನುಭವ. ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಸಣ್ಣ ಕಂಪನಿಯಲ್ಲಿ ನಾಲ್ಕೈದು ಜನ ಸೇರಿ ಪ್ರಯೋಗಕ್ಕೆಂದು ಸ್ವಂತ ಹೈಪರ್‌ವೈಸರ್ ಬರೆಯುತ್ತಿದ್ದೆವು. ಅದೇ ಯಂತ್ರದಲ್ಲಿ ಇನ್ನೊಂದು ತಂಡದವರ ಲೆಕ್ಕಾಚಾರದ ಪ್ರೋಗ್ರಾಂ ರಾತ್ರಿಯಿಡೀ ಓಡುತ್ತಿತ್ತು. ಒಂದು ದಿನ ಆ ತಂಡದವರು ಬಂದು, ಅದೇ ಮಾಹಿತಿ ಕೊಟ್ಟರೂ ಒಂದೊಂದು ರಾತ್ರಿ ಉತ್ತರದ ಕೊನೆಯ ಅಂಕಿಗಳು ಬದಲಾಗುತ್ತಿವೆ ಎಂದರು. ಯಂತ್ರ ಕುಸಿದಿಲ್ಲ, ದೋಷದ ಸಂದೇಶವಿಲ್ಲ. ನಾವು ಮೆಮೊರಿ ಚಿಪ್ಪುಗಳನ್ನು ಶಂಕಿಸಿದೆವು, ಬದಲಿಸಿಯೂ ನೋಡಿದೆವು. ಮೂರು ವಾರ ಹೋಯಿತು.

ದಶಮಾಂಶ ಲೆಕ್ಕಕ್ಕೆ ಎಂಎಕ್ಸ್‌ಸಿಎಸ್‌ಆರ್ ಎಂಬ 32 ಬಿಟ್‌ನ ನಿಯಂತ್ರಣ ರಿಜಿಸ್ಟರ್ ಒಂದಿದೆ. ಅದರ ಎರಡು ಬಿಟ್‌ಗಳು ರೌಂಡಿಂಗ್ ಹೇಗೆ ಮಾಡಬೇಕು ಎಂದು ಹೇಳುತ್ತವೆ. ಎರಡನ್ನು ಮೂರರಿಂದ ಭಾಗಿಸಿ ನಾಲ್ಕು ಸ್ಥಾನಗಳಿಗೆ ಬರೆಯುವಾಗ, ಹತ್ತಿರದ ಸಂಖ್ಯೆಗೆ ಎಂದರೆ 0.6667, ಕೆಳಕ್ಕೆ ಎಂದರೆ 0.6666. ನಮ್ಮ ಅತಿಥಿ ಯಂತ್ರದಲ್ಲಿ ಓಡುತ್ತಿದ್ದ ಒಂದು ಗಣಿತದ ಲೈಬ್ರರಿ, ಉತ್ತರದ ಕೆಳಮಿತಿ ಕಂಡುಹಿಡಿಯಲು ಈ ನಿಯಮವನ್ನು ಕೆಳಕ್ಕೆ ತಿರುಗಿಸುತ್ತಿತ್ತು. ಅದು ಅದರ ಹಕ್ಕು. ನಾವು ದಶಮಾಂಶದ ದೊಡ್ಡ ಡಬ್ಬಿಗಳನ್ನೆಲ್ಲ ಕೈಯಿಂದ ಬರೆದ ಕೋಡಿನಲ್ಲಿ ಜೋಪಾನವಾಗಿ ಉಳಿಸಿ ಮರಳಿಸುತ್ತಿದ್ದೆವು, ಈ ಒಂದು ಚಿಕ್ಕ ಡಬ್ಬಿಯನ್ನು ಬಿಟ್ಟು. ಅಂದಿನ ಕರ್ನೆಲ್ಲು, ಪ್ರೋಗ್ರಾಂ ಬದಲಾದ ತಕ್ಷಣ ದಶಮಾಂಶದ ಡಬ್ಬಿಗಳನ್ನು ಬದಲಿಸದೆ, ಬೇರೆ ಯಾರಾದರೂ ಕೇಳುವವರೆಗೆ ಹಳಬನದ್ದನ್ನೇ ಒಳಗೆ ಬಿಟ್ಟಿರುತ್ತಿತ್ತು. ಹಾಗಾಗಿ ಲೆಕ್ಕಾಚಾರದ ಪ್ರೋಗ್ರಾಂ ಮರಳಿ ಬಂದಾಗ, ನಿನ್ನ ಡಬ್ಬಿಗಳು ನೀನು ಬಿಟ್ಟಂತೆಯೇ ಇವೆ ಎಂದು ಕರ್ನೆಲ್ ಪ್ರಾಮಾಣಿಕವಾಗಿ ನಂಬಿ ಹೇಳಿತು. ಡಬ್ಬಿಗಳು ಹಾಗೆಯೇ ಇದ್ದವು, ಅಳತೆಯ ಲೋಟ ಮಾತ್ರ ಬೇರೆ. ಹಿರಿಯ ಸಹೋದ್ಯೋಗಿಯೊಬ್ಬರು ನಮ್ಮ ಕೋಡನ್ನು ಬದಿಗಿಟ್ಟು ಇಂಟೆಲ್ ಕೈಪಿಡಿಯ ರಿಜಿಸ್ಟರುಗಳ ಪಟ್ಟಿಯನ್ನು ಒಂದೊಂದಾಗಿ ಓದಿ, ಇದನ್ನು ಯಾರು ಮರಳಿಸುತ್ತಾರೆ, ಯಂತ್ರವೋ ನೀವೋ ಎಂದು ಕೇಳುತ್ತಾ ಹೋದರು. ನಾನು "ಗೊತ್ತಿಲ್ಲ" ಎಂದದ್ದು ಒಂದೇ ಕಡೆ. ಆ ತಂಡದವರ ಎಷ್ಟು ರಾತ್ರಿಗಳ ಉತ್ತರ ತಪ್ಪಾಗಿತ್ತೆಂದು ಹೇಳಲು ಕೊನೆಗೂ ನಮ್ಮಿಂದ ಆಗಲಿಲ್ಲ. ಅವರು ಎಲ್ಲವನ್ನೂ ಮತ್ತೆ ಓಡಿಸಿದರು.

ಅಂದ ಮೇಲೆ ಪ್ರತಿ ಸಲವೂ ಎಲ್ಲವನ್ನೂ ಮರಳಿಸಿಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಸೆಕೆಂಡಿಗೆ ಸಾವಿರಾರು ಸಲ ನಡೆಯುವ ಕೆಲಸಕ್ಕೆ ಒಂದೊಂದು ಹೆಚ್ಚಿನ ಹೆಜ್ಜೆಯೂ ಬಾಡಿಗೆ ಕೊಡುವ ಗ್ರಾಹಕನ ಸಮಯ. ಆದ್ದರಿಂದ ಮುಂದೂಡುವುದು ಒಂದು ಕಲೆಯೇ ಆಗಿದೆ. ಉದಾಹರಣೆಗೆ, ಪ್ರೋಗ್ರಾಂ ಒಂದು ಕರ್ನೆಲ್ಲಿನ ಸೇವೆ ಕೇಳಿದಾಗ ಎಲ್ಲಿಗೆ ಜಿಗಿಯಬೇಕು ಎಂದು ಹೇಳುವ ಎಲ್‌ಸ್ಟಾರ್ ಎಂಬ ರಿಜಿಸ್ಟರ್. ಇದರಲ್ಲಿ ಅತಿಥಿಯ ವಿಳಾಸ ಉಳಿದಿರುವಾಗ ಆತಿಥೇಯನ ಯಾವುದೋ ಪ್ರೋಗ್ರಾಂ ಸೇವೆ ಕೇಳಿದರೆ, ಕರ್ನೆಲ್ಲಿನ ಪೂರ್ಣ ಅಧಿಕಾರದೊಂದಿಗೆ ಅತಿಥಿ ಹೇಳಿದ ಜಾಗಕ್ಕೆ ಜಿಗಿತ. ಭಯಂಕರವೇ. ಆದರೆ ಕರ್ನೆಲ್ ತನ್ನೊಳಗೇ ಕೆಲಸ ಮಾಡುತ್ತಿರುವಷ್ಟು ಹೊತ್ತು ಈ ರಿಜಿಸ್ಟರ್ ಯಾರಿಗೂ ಬೇಡ. ಅತಿಥಿ ಹೊರಬಂದು, ಕರ್ನೆಲ್ಲಿನಲ್ಲೇ ಚಿಕ್ಕ ಕೆಲಸ ಮುಗಿಸಿ ಮತ್ತೆ ಒಳಹೋಗುವುದೇ ಹೆಚ್ಚು. ಹಾಗಾಗಿ ಕೆವಿಎಂ ಅದನ್ನು ಹಾಗೆಯೇ ಬಿಟ್ಟು, ಸಾಮಾನ್ಯ ಪ್ರೋಗ್ರಾಮಿಗೆ ಮರಳುವ ಹೊಸ್ತಿಲಿನಲ್ಲಿ ಕಾವಲು ಇಟ್ಟಿದೆ: ಹೊರಗೆ ಕಾಲಿಡುವ ಮೊದಲು ಸರಿಪಡಿಸು. ಇದು ನಾನು ಕಂಡ ಅತ್ಯಂತ ಅಚ್ಚುಕಟ್ಟಾದ ಸೋಮಾರಿತನ.

ಎಲ್ಲ ಸೋಮಾರಿತನವೂ ಹೀಗೆ ದಕ್ಕಲಿಲ್ಲ. ದಶಮಾಂಶದ ಡಬ್ಬಿಗಳನ್ನು ಬದಲಿಸದೆ ಬಿಡುವ ಆ ಹಳೆಯ ಪದ್ಧತಿ ನೆನಪಿದೆಯಲ್ಲ? ಬೇರೊಬ್ಬ ಮುಟ್ಟಿದರೆ ಪ್ರೊಸೆಸರ್ ತಡೆದು ಕರ್ನೆಲ್ಲಿಗೆ ತಿಳಿಸುತ್ತದೆ, ಆಗ ಬದಲಿಸಿದರಾಯಿತು ಎಂಬುದು ಅದರ ಆಧಾರ. 2018ರ ಜೂನಿನಲ್ಲಿ ಲೇಜಿಎಫ್‌ಪಿ ಎಂಬ ದೋಷ ಹೊರಬಿತ್ತು. ಇಂಟೆಲ್ ಕೋರ್ ಪ್ರೊಸೆಸರುಗಳು ತಡೆಯುವ ಮೊದಲೇ, ಮುಂದೇನು ಬೇಕಾದೀತು ಎಂಬ ಊಹೆಯ ಮೇಲೆ, ಆ ಡಬ್ಬಿಯೊಳಗಿನದನ್ನು ಬಳಸಿ ಸ್ವಲ್ಪ ದೂರ ಓಡಿಬಿಡುತ್ತಿದ್ದವು. ಆ ಓಟದ ಹೆಜ್ಜೆಗುರುತು ಕ್ಯಾಶಿನಲ್ಲಿ ಉಳಿಯುತ್ತಿತ್ತು. ಎಇಎಸ್ ಗೂಢಲಿಪಿಯ ಕೀಲಿಗಳು ಕೆಲಸದ ವೇಳೆ ಇರುವುದು ಇದೇ ಡಬ್ಬಿಗಳಲ್ಲಿ. ಅಂದರೆ ಒಬ್ಬನ ರಹಸ್ಯ ಇನ್ನೊಬ್ಬನಿಗೆ, ಒಂದು ವರ್ಚುವಲ್ ಮಷೀನಿನದು ಇನ್ನೊಂದಕ್ಕೆ. ಪರಿಹಾರ ಸರಳವಾಗಿತ್ತು: ಮುಂದೂಡದೆ ಪ್ರತಿ ಸಲ ಬದಲಿಸು. ಲಿನಕ್ಸಿನ ಹೊಸ ಆವೃತ್ತಿಗಳು ಅಷ್ಟರಲ್ಲಾಗಲೇ ಹಾಗೆ ಮಾಡುತ್ತಿದ್ದವು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಎಲ್1ಟಿಎಫ್ ಬಂದು, ಕೋರಿನ ಅತಿ ಹತ್ತಿರದ ಕ್ಯಾಶಿನಲ್ಲಿ ಆತಿಥೇಯ ಬಿಟ್ಟಿದ್ದನ್ನು ಅತಿಥಿ ಓದಬಹುದೆಂದು ತೋರಿಸಿತು. ಅಲ್ಲಿಯವರೆಗೆ ಆ ಕ್ಯಾಶನ್ನು ಯಾರೂ ಮರಳಿಸಬೇಕಾದ ಸ್ಥಿತಿ ಎಂದು ಎಣಿಸಿರಲಿಲ್ಲ. ಆಮೇಲೆ ಅಂಥ ಪ್ರೊಸೆಸರುಗಳಲ್ಲಿ ಅತಿಥಿಯನ್ನು ಒಳಬಿಡುವ ಮೊದಲು ಅದನ್ನೂ ತೊಳೆಯಬೇಕಾಯಿತು.

ಇಂದು ಕೆವಿಎಂನಲ್ಲಿ ಅತಿಥಿ ಹೊರಬಂದ ಜಾಗದ ಅಸೆಂಬ್ಲಿ ಕೋಡನ್ನು ತೆರೆದು ನೋಡಿದರೆ, ಅತಿಥಿಯ ಮೌಲ್ಯಗಳನ್ನು ಉಳಿಸಿಕೊಂಡ ಮೇಲೆ ಸಾಮಾನ್ಯ ರಿಜಿಸ್ಟರುಗಳನ್ನು ಸಾಲಾಗಿ ಸೊನ್ನೆ ಮಾಡುವುದು ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲೇ ಆತಿಥೇಯನ ಮೌಲ್ಯಗಳು ಸ್ಟ್ಯಾಕಿನಿಂದ ಮರಳಿ ತುಂಬಿಕೊಳ್ಳಲಿರುವ ಡಬ್ಬಿಗಳನ್ನೂ ಸೊನ್ನೆ ಮಾಡುತ್ತಾರೆ. ನಡುವಿನ ಆ ಚೂರು ಹೊತ್ತಿನಲ್ಲಿ ಪ್ರೊಸೆಸರ್ ಊಹೆಯ ಮೇಲೆ ಓಡಿದರೆ ಅತಿಥಿಯ ಮೌಲ್ಯ ಅದರ ಕೈಗೆ ಸಿಗಬಾರದು ಎಂದು.

ಡಬ್ಬಿಗಳೂ ಹೆಚ್ಚುತ್ತಲೇ ಇವೆ. ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆಂದು ಇಂಟೆಲ್ ತನ್ನ ಸರ್ವರ್ ಪ್ರೊಸೆಸರುಗಳಿಗೆ ಸೇರಿಸಿದ ಎಎಂಎಕ್ಸ್‌ನಲ್ಲಿ ಒಂದೊಂದು ಕಿಲೋಬೈಟಿನ ಎಂಟು ಡಬ್ಬಿಗಳಿವೆ. ಮೊದಲು ಹೇಳಿದ ಆ 128 ಬೈಟಿನ 64 ಪಟ್ಟು. ಇದನ್ನೂ ವಿಎಂಸಿಎಸ್ ನೋಡಿಕೊಳ್ಳುವುದಿಲ್ಲ.